ಹಿಮದಲ್ಲಿ ಓಡಿದ ಟ್ರ್ಯಾಪರ್: ಅವನು ಒಳ್ಳೆಯವನಾ?

ಪ್ರಶ್ನೆ: ನಾವು ಕೆನಡಾದ ಎಡ್ಮಂಟನ್‌ನಲ್ಲಿರುವ ಕನ್ನಡದವರು. ಒಂಬತ್ತು ವರ್ಷದ ಮಗಳ ಜೊತೆ ‘ಚಾಲೆಂಜ್ ಟು ಬಿ ಫ್ರೀ’ ಎಂಬ ಹಳೆಯ ಸಿನಿಮಾ ನೋಡಿದೆವು. ಹಿಮದ ಕಾಡಿನಲ್ಲಿ ಒಂಟಿಯಾಗಿ ಬದುಕುವ ಟ್ರ್ಯಾಪರ್ (ತುಪ್ಪಳಕ್ಕಾಗಿ ಟ್ರ್ಯಾಪ್, ಅಂದರೆ ಬೋನು, ಒಡ್ಡಿ ಪ್ರಾಣಿ ಹಿಡಿಯುವವನು) ಒಬ್ಬ, ಅವನನ್ನು ಅಟ್ಟಿಸಿಕೊಂಡು ಹೋಗುವ ಪೊಲೀಸರು. ನಿಜ ಘಟನೆ ಆಧರಿಸಿದ್ದು ಎಂದು ಆಮೇಲೆ ಓದಿದೆ. ಮಗಳು ಬಿಡ್ತಾ ಇಲ್ಲ. ಅವನು ಒಳ್ಳೆಯವನಾ? ಪೊಲೀಸರು ಅವನನ್ನು ಸುಮ್ನೆ ಬಿಡಬಹುದಿತ್ತಲ್ವಾ? ಅಷ್ಟು ಚಳಿಯಲ್ಲಿ ಒಬ್ಬನೇ ಹೇಗೆ ಬದುಕಿದ? ನಾನು ಏನು ಹೇಳಲಿ?

ಉತ್ತರ: ಸಿನಿಮಾದ ಟ್ರ್ಯಾಪರ್ ಒಳ್ಳೆಯವನೇ. ಹಾಗೆಂದೇ ಆ ಪಾತ್ರವನ್ನು ಬರೆದಿದ್ದಾರೆ. ಮಗಳಿಗೆ ಅವನು ಇಷ್ಟವಾಗಿದ್ದರೆ ಅದರಲ್ಲಿ ತಪ್ಪಿಲ್ಲ. ಆದರೆ ಆ ಪಾತ್ರದ ಹಿಂದಿರುವ ನಿಜ ಮನುಷ್ಯನ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ. ಅವನು ಯಾಕೆ ಹಾಗೆ ಮಾಡಿದ ಎನ್ನುವುದನ್ನು ಅವನೇ ಹೇಳಬೇಕಿತ್ತು. ಅವನು ಬಾಯಿ ಬಿಡಲಿಲ್ಲ. ಸಿನಿಮಾದವರು ಆ ಮೌನದೊಳಗೆ ತಮಗೆ ಬೇಕಾದ ಹೃದಯವನ್ನು ಇಟ್ಟರು. ಇನ್ನೊಂದು ಮಾತು. ಈ ಕಥೆಯಲ್ಲಿ ಮೊದಲು ನಷ್ಟ ಅನುಭವಿಸಿದವರು, ದೂರು ಕೊಟ್ಟವರು ಬೇರೆಯೇ ಇದ್ದಾರೆ. ಕಥೆ ಹೇಳುವವರು ಅವರನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನಾನು ಅವರ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಜುಲೈ 1931. ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಪೀಲ್ ನದಿಯ ದಂಡೆಯ ಮೇಲೆ ಫೋರ್ಟ್ ಮೆಕ್‌ಫರ್ಸನ್ ಎಂಬ ಸಣ್ಣ ಊರು. ಅಲ್ಲಿಗೆ ಒಬ್ಬ ಅಪರಿಚಿತ ತೆಪ್ಪದಲ್ಲಿ ಬಂದಿಳಿದ. ಕೈಯಲ್ಲಿ ದುಡ್ಡಿತ್ತು, ಮಾತು ಮಾತ್ರ ಕಮ್ಮಿ. ಎಡ್ಗರ್ ಮಿಲ್ಲನ್ ಎಂಬ ಕಾನ್‌ಸ್ಟೇಬಲ್ ಅವನನ್ನು ಮಾತಾಡಿಸಿದರು. ಹೆಸರು ಆಲ್ಬರ್ಟ್ ಜಾನ್ಸನ್ ಎಂದ. ಅದಕ್ಕಿಂತ ಹೆಚ್ಚು ಹೇಳಲು ಅವನಿಗೆ ಇಷ್ಟವಿರಲಿಲ್ಲ. ಆಮೇಲೆ ರ‍್ಯಾಟ್ ನದಿಯ ಬದಿಯಲ್ಲಿ ಮರದ ದಿಮ್ಮಿಗಳಿಂದ ಒಂದು ಗುಡಿಸಲು ಕಟ್ಟಿಕೊಂಡ. 8 ಅಡಿ, 10 ಅಡಿ, ಅಷ್ಟೇ. ಒಳಗಿನ ನೆಲವನ್ನು ಅಗೆದು ತಗ್ಗು ಮಾಡಿದ್ದ. ಟ್ರ್ಯಾಪ್ ಹಾಕಲು ಬೇಕಾದ ಲೈಸೆನ್ಸ್ ತೆಗೆದುಕೊಂಡಿರಲಿಲ್ಲ.

ಡಿಸೆಂಬರ್‌ನಲ್ಲಿ ಆ ಪ್ರದೇಶದ ಮೂಲನಿವಾಸಿ ಟ್ರ್ಯಾಪರ್‌ಗಳು ಪೊಲೀಸರಿಗೆ ದೂರು ಕೊಟ್ಟರು. ನಾವು ಹಾಕಿದ ಟ್ರ್ಯಾಪ್‌ಗಳನ್ನು ಯಾರೋ ಬೇಕೆಂದೇ ಮುಚ್ಚಿಸಿ ಮರಕ್ಕೆ ನೇತುಹಾಕುತ್ತಿದ್ದಾರೆ, ಆ ಹೊಸಬನ ಮೇಲೆ ಅನುಮಾನ, ಎಂದು.

ಸಿನಿಮಾ ನೋಡಿದ ಮಗುವಿಗೆ ಇದು ಒಳ್ಳೆಯ ಕೆಲಸವಾಗಿ ಕಾಣುವುದು ಸಹಜ. ಟ್ರ್ಯಾಪ್ ಮುಚ್ಚಿದರೆ ಪ್ರಾಣಿ ಬದುಕುತ್ತದೆ ಅಲ್ವಾ? ಆದರೆ ಜಾನ್ಸನ್ ಕೂಡ ಟ್ರ್ಯಾಪರ್ ಎಂದೇ ಅಲ್ಲಿ ನೆಲೆಸಿದವನು. ಅವನಿಗೆ ಪ್ರಾಣಿದಯೆ ಇತ್ತು ಎನ್ನಲು ಯಾವ ಆಧಾರವೂ ಇಲ್ಲ. ಇನ್ನು ದೂರು ಕೊಟ್ಟವರ ಕಡೆಯಿಂದ ನೋಡಿ. ಅವರು ಗ್ವಿಚಿನ್ ಜನ. ಆ ನದಿ, ಆ ಬೆಟ್ಟ ಎಲ್ಲ ಅವರ ಪೂರ್ವಜರ ನೆಲ. ಆ ಕಾಲಕ್ಕೆ ಅವರ ಮನೆಯ ಲೆಕ್ಕಾಚಾರವೆಲ್ಲ ತುಪ್ಪಳದ ಮೇಲೆ ನಿಂತಿತ್ತು. ಚಳಿಗಾಲಕ್ಕೆ ಮೊದಲು ಅಂಗಡಿಯವನಿಂದ ಹಿಟ್ಟು, ಚಹಾ, ಮದ್ದುಗುಂಡು ಸಾಲ ತರುವುದು. ಚಳಿಗಾಲದಲ್ಲಿ ಸಿಕ್ಕ ಚರ್ಮಗಳನ್ನು ಕೊಟ್ಟು ಆ ಸಾಲ ತೀರಿಸುವುದು. ಪ್ರಾಣಿಯ ರೋಮ ದಟ್ಟವಾಗಿ ಒಳ್ಳೆಯ ಬೆಲೆ ಬರುವುದು ಆ ಕೆಲವು ತಿಂಗಳಲ್ಲೇ. ಟ್ರ್ಯಾಪ್ ಸಾಲು ಎಂದರೆ ಹತ್ತಾರು ಮೈಲಿ ಉದ್ದ. ನಾಯಿಗಳನ್ನು ಕಟ್ಟಿಕೊಂಡು ದಿನಗಟ್ಟಲೆ ಸುತ್ತಿ ಬರಬೇಕು. ಅಷ್ಟು ದೂರ ಹೋಗಿ ನೋಡಿದರೆ ಟ್ರ್ಯಾಪ್ ಮರದಲ್ಲಿ ನೇತಾಡುತ್ತಿದೆ. ನಮ್ಮ ಮಲೆನಾಡಿನಲ್ಲಿ ಕೊಯ್ಲಿನ ಹೊತ್ತಿಗೆ ಯಾರೋ ತೋಟಕ್ಕೆ ನುಗ್ಗಿ ಅಡಿಕೆ ಗೊನೆಗಳನ್ನು ಕಡಿದು ಹಳ್ಳಕ್ಕೆ ಎಸೆದು ಹೋದರೆ ಹೇಗಾಗುತ್ತದೋ ಹಾಗೆ. ಅದೂ ಜಗತ್ತೇ ಆರ್ಥಿಕ ಕುಸಿತದಲ್ಲಿದ್ದ ವರ್ಷ. ದಕ್ಷಿಣದಲ್ಲಿ ಕೆಲಸ ಕಳೆದುಕೊಂಡ ಹೊರಗಿನವರು ತುಪ್ಪಳದ ಆಸೆಗೆ ಉತ್ತರಕ್ಕೆ ಬರುತ್ತಿದ್ದರು. ಸ್ಥಳೀಯರಿಗೆ ಅದರ ಆತಂಕ ಮೊದಲೇ ಇತ್ತು.

ಒಂದು ಮಾತನ್ನು ನ್ಯಾಯವಾಗಿ ಹೇಳಿಬಿಡಬೇಕು. ಈ ಆರೋಪ ಕೋರ್ಟಿನವರೆಗೆ ಹೋಗಲೇ ಇಲ್ಲ. ಜಾನ್ಸನ್ ಅದನ್ನು ಮಾಡದೇ ಇದ್ದಿರಲೂಬಹುದು. ಪೊಲೀಸರಿಗೆ ಬೇಕಾಗಿದ್ದದ್ದು ಅದನ್ನು ಕೇಳಿ ತಿಳಿಯುವುದು, ಅಷ್ಟೇ.

ಡಿಸೆಂಬರ್ 26ರಂದು ಕಾನ್‌ಸ್ಟೇಬಲ್ ಆಲ್ಫ್ರೆಡ್ ಕಿಂಗ್ ಮತ್ತು ವಿಶೇಷ ಕಾನ್‌ಸ್ಟೇಬಲ್ ಜೋ ಬರ್ನಾರ್ಡ್ ಆರ್ಕ್ಟಿಕ್ ರೆಡ್ ರಿವರ್ ಠಾಣೆಯಿಂದ ಹೊರಟು ಅವನ ಗುಡಿಸಲಿಗೆ ಹೋದರು. ಒಳಗೆ ಹೊಗೆ ಆಡುತ್ತಿತ್ತು, ಅವನಿದ್ದ. ಬಾಗಿಲು ತೆರೆಯಲಿಲ್ಲ, ಮಾತೂ ಆಡಲಿಲ್ಲ. ಇಬ್ಬರೂ ಬಾಗಿಲು ಒಡೆಯಲಿಲ್ಲ. ಅಷ್ಟು ದೂರದ ಅಕ್ಲಾವಿಕ್ ಊರಿಗೆ ಹೋಗಿ ಸರ್ಚ್ ವಾರಂಟ್ ತಂದರು. ‘ಸುಮ್ನೆ ಬಿಡಬಹುದಿತ್ತಲ್ವಾ’ ಎನ್ನುವ ಮಗಳಿಗೆ ಈ ಭಾಗ ಹೇಳಿ. ಡಿಸೆಂಬರ್ 31ರಂದು ಇನ್ನಿಬ್ಬರನ್ನು ಕರೆದುಕೊಂಡು ಮತ್ತೆ ಹೋದರು. ಆ ಅಕ್ಷಾಂಶದಲ್ಲಿ, ಆ ದಿನಗಳಲ್ಲಿ ಸೂರ್ಯ ಬಂದೂ ಬಾರದಂತೆ. ನಡುಹಗಲಲ್ಲಿ ಕೆಲವು ಗಂಟೆ ಮುಸ್ಸಂಜೆಯಂಥ ಬೆಳಕು, ಮತ್ತೆ ಕತ್ತಲು. ಕಿಂಗ್ ಬಾಗಿಲು ತಟ್ಟಿದರು. ಜಾನ್ಸನ್ ಬಾಗಿಲ ಒಳಗಿನಿಂದಲೇ ಗುಂಡು ಹಾರಿಸಿದ. ಗಾಯಗೊಂಡ ಕಿಂಗ್ ಅವರನ್ನು ಸ್ಲೆಡ್ ಮೇಲೆ ಮಲಗಿಸಿ, ಸುಮಾರು 20 ಗಂಟೆ ನಿಲ್ಲದೆ ನಾಯಿಗಳನ್ನು ಓಡಿಸಿ ಅಕ್ಲಾವಿಕ್ ಸೇರಿದರು. ಅವರು ಬದುಕಿದರು.

ಅಲ್ಲಿಯವರೆಗೆ ಅವನೇನೂ ಓಡುತ್ತಿರುವ ಅಪರಾಧಿ ಆಗಿರಲಿಲ್ಲ. ಆ ಗುಂಡಿನ ನಂತರ ಆದ.

ಜನವರಿ 9ರಂದು ಇನ್‌ಸ್ಪೆಕ್ಟರ್ ಅಲೆಕ್ಸಾಂಡರ್ ಈಮ್ಸ್ ನೇತೃತ್ವದಲ್ಲಿ 9 ಜನ, 42 ನಾಯಿ, 9 ಕಿಲೋ ಡೈನಮೈಟ್ ಅಲ್ಲಿಗೆ ಹೋದವು. ಡೈನಮೈಟಿಗೆ ಗುಡಿಸಲು ಕುಸಿಯಿತು. ಇವರು ಮುನ್ನುಗ್ಗುವಷ್ಟರಲ್ಲಿ ನೆಲದ ಗುಂಡಿಯೊಳಗಿಂದ ಮತ್ತೆ ಗುಂಡು ಬಂತು! ಮೈನಸ್ 40ರ ಚಳಿಯಲ್ಲಿ 15 ಗಂಟೆ ಹಾಗೇ ನಡೆಯಿತು. ಕೊನೆಗೆ ಸೋತು ಹಿಂದೆ ಸರಿದವರು ಪೊಲೀಸರು. ಅದಕ್ಕೆ ಧೈರ್ಯ ಸಾಲದ್ದು ಕಾರಣವಲ್ಲ, ಸಾಮಾನು ಸಾಲದ್ದು. 42 ನಾಯಿ ಎಂದರೆ 42 ಹೊಟ್ಟೆ. ಅವುಗಳ ಮೀನನ್ನೂ ಅವೇ ಎಳೆದು ತರಬೇಕು. ದೂರ ಹೋದಷ್ಟೂ ಹೊರೆಯಲ್ಲಿ ಹೆಚ್ಚಿನ ಪಾಲು ನಾಯಿಗಳ ಊಟವೇ ಆಗುತ್ತದೆ. ಇಡೀ ಬೆನ್ನಟ್ಟುವಿಕೆಯಲ್ಲಿ ಪೊಲೀಸರನ್ನು ಕಾಡಿದ ಗಣಿತ ಇದೇ. ಅವನಿಗೆ ಅದಿರಲಿಲ್ಲ. ಅವನು ಒಬ್ಬ, ಬೆನ್ನ ಮೇಲೆ ಒಂದು ಗಂಟು. ಕೆಲವು ದಿನ ಬಿಟ್ಟು ಮತ್ತೆ ಬಂದಾಗ ಗುಡಿಸಲು ಖಾಲಿ.

ಇನ್ನು ಅವನು ಬದುಕಿದ್ದು ಹೇಗೆ ಎಂಬ ಪ್ರಶ್ನೆ. ನೀವು ಎಡ್ಮಂಟನ್‌ನವರು, ಮೈನಸ್ 30 ಎಂದರೆ ನಿಮಗೆ ವಿವರಿಸಬೇಕಾಗಿಲ್ಲ. ಆದರೆ ನೀವು ಮನೆಯಿಂದ ಕಾರಿಗೆ, ಕಾರಿನಿಂದ ಮನೆಗೆ. ಅವನಿಗೆ ಮನೆಯೇ ಇಲ್ಲ.

ಅಷ್ಟು ಚಳಿಯಲ್ಲಿ ನಡೆಯುವವನಿಗೆ ದೊಡ್ಡ ಶತ್ರು ಬೆವರು. ಜೋರಾಗಿ ನಡೆದರೆ ಬಟ್ಟೆ ಒದ್ದೆಯಾಗುತ್ತದೆ, ನಿಂತ ಕೂಡಲೇ ಅದು ಹೆಪ್ಪುಗಟ್ಟುತ್ತದೆ. ಹಾಗಾಗಿ ಓಡುವವನು ಓಡುವ ಹಾಗೂ ಇಲ್ಲ. ಬಟ್ಟೆ ಒಣಗಿಸಲು ಬೆಂಕಿ ಬೇಕು. ಗಾಳಿಯಿಲ್ಲದ ಚಳಿಯಲ್ಲಿ ಹೊಗೆ ಕಂಬದಂತೆ ನೆಟ್ಟಗೆ ಏಳುತ್ತದೆ, ಬಲು ದೂರದಿಂದ ಕಾಣುತ್ತದೆ. ಅದಕ್ಕೇ ಸಣ್ಣ ಬೆಂಕಿ, ಒಣಗಿದ ತೆಳು ಕಡ್ಡಿ, ಹಿಮದ ಮರೆ. ಊಟಕ್ಕೆ ದೊಡ್ಡ ಪ್ರಾಣಿ ಹೊಡೆಯಬಹುದಿತ್ತು, ಬಂದೂಕು ಇತ್ತು. ಆದರೆ ಆ ನಿಶ್ಶಬ್ದದಲ್ಲಿ ಒಂದು ಗುಂಡಿನ ಸದ್ದು ಎಷ್ಟು ದೂರ ಹೋಗುತ್ತದೆ ಗೊತ್ತಲ್ಲ. ಕೊನೆಗೆ ಅವನ ಗಂಟಿನಲ್ಲಿ ಸಿಕ್ಕಿದ್ದು ಒಂದು ಸತ್ತ ಅಳಿಲು, ಒಂದು ಸತ್ತ ಹಕ್ಕಿ. ಅದೇ ಅವನ ಬುತ್ತಿ ಎಂದುಕೊಳ್ಳಬಹುದು.

ಹಿಮದ ಇನ್ನೊಂದು ಕಾಟ ಎಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಪ್ರತಿ ಹೆಜ್ಜೆಯೂ ಅಲ್ಲೇ ಬರೆದಿರುತ್ತದೆ. ಅವನ ಜಾಣತನ ಜಾಸ್ತಿ ಕಾಣುವುದು ಇಲ್ಲಿ. ಮೆತ್ತಗಿನ ಹಿಮ ತುಂಬಿದ ಹಳ್ಳ ಬಿಟ್ಟು, ಗಾಳಿಗೆ ಗಟ್ಟಿಯಾದ ದಿಬ್ಬಗಳ ಮೇಲೆ ನಡೆದ. ಅಲ್ಲಿ ಗುರುತು ಕಮ್ಮಿ. ಹಿಂದೆ ತಿರುಗಿ ತನ್ನ ಹೆಜ್ಜೆಯನ್ನೇ ತುಳಿದ, ಸುತ್ತು ಹಾಕಿದ. ಬೆನ್ನಟ್ಟುವವರು ಇವನು ಮುಂದಿದ್ದಾನಾ, ಹಿಂದಿದ್ದಾನಾ ಎಂದು ಗೊಂದಲಕ್ಕೆ ಬಿದ್ದರು. ಆಮೇಲೆ ಕ್ಯಾರಿಬೂ ಎಂಬ ಹಿಮಸಾರಂಗಗಳ ಹಿಂಡು ತುಳಿದು ಮಾಡಿದ ದಾರಿ ಹಿಡಿದ. ಸಾವಿರ ಗೊರಸುಗಳ ನಡುವೆ ಒಬ್ಬನ ಹೆಜ್ಜೆ ಹುಡುಕುವುದು ಹೇಗೆ?

ಪತ್ರಿಕೆಗಳು ಇವನನ್ನು ‘ಹುಚ್ಚು ಟ್ರ್ಯಾಪರ್’ ಎಂದು ಕರೆದವು. ನನಗೆ ಇದರಲ್ಲಿ ಹುಚ್ಚು ಏನೂ ಕಾಣುವುದಿಲ್ಲ. ತಣ್ಣಗೆ ಲೆಕ್ಕ ಹಾಕುವ ತಲೆ ಕಾಣುತ್ತದೆ. ಅದು ಇನ್ನೂ ಹೆದರಿಕೆ ಹುಟ್ಟಿಸುವ ವಿಷಯ.

ಆ ನೆಲ ಎಷ್ಟು ಕಷ್ಟದ್ದು ಎಂದು ಮಗಳಿಗೆ ತೋರಿಸಲು ಇನ್ನೊಂದು ಘಟನೆ ಇದೆ. ಇಪ್ಪತ್ತು ವರ್ಷ ಹಿಂದೆ, ಡಿಸೆಂಬರ್ 1910ರಲ್ಲಿ, ಇನ್‌ಸ್ಪೆಕ್ಟರ್ ಫ್ರಾನ್ಸಿಸ್ ಫಿಟ್ಜೆರಾಲ್ಡ್ ಮತ್ತು ಮೂವರು ಇದೇ ಫೋರ್ಟ್ ಮೆಕ್‌ಫರ್ಸನ್‌ನಿಂದ ಪಕ್ಕದ ಯೂಕಾನ್ ಪ್ರಾಂತ್ಯದ ಡಾಸನ್ ಊರಿಗೆ ನಾಯಿಗಾಡಿಗಳಲ್ಲಿ ಹೊರಟರು. ದಾರಿ ತೋರಿಸುತ್ತಿದ್ದ ಗ್ವಿಚಿನ್ ಮನುಷ್ಯನನ್ನು ಅರ್ಧ ದಾರಿಯಲ್ಲಿ ಕಳುಹಿಸಿಬಿಟ್ಟರು. ತಿರುಗಬೇಕಾದ ಹಳ್ಳ ಸಿಗಲಿಲ್ಲ. ವಾಪಸ್ ಬರುವಾಗ ತಮ್ಮ ನಾಯಿಗಳನ್ನೇ ಒಂದೊಂದಾಗಿ ತಿನ್ನಬೇಕಾಯಿತು. ನಾಲ್ವರೂ ಸತ್ತರು. 1911ರ ಮಾರ್ಚ್‌ನಲ್ಲಿ ಅವರ ಹೆಣ ಹುಡುಕಿದ ತಂಡದ ಮುಖ್ಯಸ್ಥ ವಿಲಿಯಂ ಡೆಂಪ್‌ಸ್ಟರ್. ಅನುಭವಿ ಪೊಲೀಸರೇ, ಅಟ್ಟುವವರು ಯಾರೂ ಇಲ್ಲದಿದ್ದರೂ, ಉಳಿಯಲಿಲ್ಲ. ಆ ನೆಲ ಗೊತ್ತಿರುವವರು ಜೊತೆಗಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಅದು.

ಜಾನ್ಸನ್ ಪ್ರಕರಣದಲ್ಲೂ ಅದೇ. ಜನವರಿ 30ರಂದು ನಾಲ್ವರ ತಂಡವೊಂದು ಅವನನ್ನು ಕುರುಚಲು ಕಾಡಿನಲ್ಲಿ ಮುತ್ತಿತು. ಗುಂಡಿನ ಕಾಳಗದಲ್ಲಿ ಕಾನ್‌ಸ್ಟೇಬಲ್ ಮಿಲ್ಲನ್ ಸತ್ತರು. ಜುಲೈನಲ್ಲಿ ಅವನನ್ನು ಮೊದಲು ಮಾತಾಡಿಸಿದವರು ಅವರೇ. ಇದಾದ ಮೇಲೆ ಅವನು ಬಿರುಗಾಳಿಯಲ್ಲಿ ರಿಚರ್ಡ್‌ಸನ್ ಬೆಟ್ಟಸಾಲನ್ನೇ ಹತ್ತಿ ಯೂಕಾನ್ ಕಡೆಗೆ ಇಳಿದ. ಕಣಿವೆಗಳಿಗೆ ಕಾವಲಿತ್ತು. ಮೇಲಿನಿಂದ ಯಾರೂ ಹೋಗಲಾರರು ಎಂದುಕೊಂಡಿದ್ದರು. ಬೆಟ್ಟದ ಆ ಬದಿಯಲ್ಲಿ, ಬೆಲ್ ನದಿಯ ಕಡೆ ಅಪರಿಚಿತ ಸ್ನೋ ಶೂ (ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲದ ಪಾದುಕೆ) ಗುರುತು ಬಿದ್ದಿದೆ ಎಂಬ ಸುದ್ದಿ ಬಂದದ್ದು ಅಲ್ಲಿನ ಮೂಲನಿವಾಸಿಗಳಿಂದ. ಆ ಸುದ್ದಿ ಬರದಿದ್ದರೆ ಪೊಲೀಸರು ಬೆಟ್ಟದ ತಪ್ಪು ಬದಿಯಲ್ಲೇ ಹುಡುಕುತ್ತಿದ್ದರು. ಮೊದಲ ಗುಂಡು ಹಾರಿದ ದಿನದ ತಂಡದಲ್ಲೂ ಲಾಜರಸ್ ಸಿಟ್ಟಿಚಿನ್ಲಿ ಎಂಬ ಗ್ವಿಚಿನ್ ವಿಶೇಷ ಕಾನ್‌ಸ್ಟೇಬಲ್ ಇದ್ದರು. ಇಂಥವರ ಹೆಸರು ಪೋಸ್ಟರ್ ಮೇಲೆ ಬರುವುದಿಲ್ಲ.

ಪೋಸ್ಟರಿಗೆ ಬರುವುದು ವಿಮಾನ. ಅದೂ ರೋಚಕ ಸಂಗತಿಯೇ, ಇಲ್ಲ ಎನ್ನುವುದಿಲ್ಲ. ಪೈಲಟ್ ವಾಪ್ ಮೇ ಬೆಳೆದದ್ದು ನಿಮ್ಮ ಎಡ್ಮಂಟನ್‌ನಲ್ಲೇ. ಮೊದಲ ಮಹಾಯುದ್ಧದಲ್ಲಿ, 1918ರ ಏಪ್ರಿಲ್ 21ರಂದು, ‘ರೆಡ್ ಬ್ಯಾರನ್’ ಎಂದೇ ಹೆಸರಾದ ಜರ್ಮನ್ ಪೈಲಟ್ ಸತ್ತನಲ್ಲ, ಆ ಗಳಿಗೆಯಲ್ಲಿ ಅವನು ಅಟ್ಟಿಸಿಕೊಂಡು ಹೋಗುತ್ತಿದ್ದದ್ದು ಇದೇ ಮೇ ಅವರನ್ನು. 1932ರ ಫೆಬ್ರುವರಿಯಲ್ಲಿ ಮೇ ತಮ್ಮ ಬೆಲ್ಲಾಂಕಾ ವಿಮಾನ ತಂದರು. ಒಂದು ಕಡೆ ಅದು ಸಾಮಾನು ಹೊತ್ತು ತಂದು ನಾಯಿಗಳ ಊಟದ ಗಣಿತವನ್ನೇ ಬದಲಿಸಿತು. ಇನ್ನೊಂದು ಕಡೆ, ಮೇಲಿನಿಂದ ನೋಡಿದಾಗ ಈಗಲ್ ನದಿಯ ಮೇಲೆ ಕ್ಯಾರಿಬೂ ದಾರಿಯಿಂದ ಒಂಟಿ ಹೆಜ್ಜೆಯೊಂದು ಪಕ್ಕಕ್ಕೆ ಸರಿದದ್ದು ಕಂಡಿತು. ಕ್ಯಾರಿಬೂ ಉಪಾಯ ಅಲ್ಲಿಗೆ ಮುಗಿಯಿತು.

ಫೆಬ್ರುವರಿ 17ರಂದು ಆ ಹೆಪ್ಪುಗಟ್ಟಿದ ನದಿಯ ತಿರುವಿನಲ್ಲಿ ಎರಡೂ ಕಡೆಯವರು ಎದುರಾಬದುರಾದರು. ಸೈನ್ಯದ ಸಿಗ್ನಲ್ ವಿಭಾಗದ ಸಾರ್ಜೆಂಟ್ ಹರ್ಸಿ ತೀವ್ರ ಗಾಯಗೊಂಡರು. ಮೇ ಅಲ್ಲೇ ವಿಮಾನ ಇಳಿಸಿ ಅವರನ್ನು ಅಕ್ಲಾವಿಕ್‌ಗೆ ಒಯ್ದದ್ದರಿಂದ ಜೀವ ಉಳಿಯಿತು. ಜಾನ್ಸನ್ ಗುಂಡಿಗೆ ಬಲಿಯಾದ. ಮೊದಲ ಗುಂಡಿನಿಂದ ಲೆಕ್ಕ ಹಾಕಿದರೆ 48 ದಿನ. ಅವನ ಬಳಿ 2,000 ಡಾಲರ್‌ಗಿಂತ ಹೆಚ್ಚು ನಗದು ಇತ್ತು. ಹೆಸರು ಹೇಳುವ ಕಾಗದ ಒಂದೂ ಇರಲಿಲ್ಲ.

ಇದೆಲ್ಲ ನಡೆಯುವಾಗ ರೇಡಿಯೋದಲ್ಲಿ ದಿನದಿನದ ಸುದ್ದಿ ಬರುತ್ತಿತ್ತು. ಕೆಲಸವಿಲ್ಲದೆ, ಬ್ಯಾಂಕಿನವರ ಮೇಲೆ, ಸರ್ಕಾರದ ಮೇಲೆ ಸಿಟ್ಟಿದ್ದ ಎಷ್ಟೋ ಜನ ಒಳಗೊಳಗೇ ಇವನ ಪಕ್ಷ ಹಿಡಿದರು. ಒಬ್ಬನ ವಿರುದ್ಧ ಇಷ್ಟು ಜನ ಎಂದರೆ ಮನಸ್ಸು ಒಬ್ಬನ ಕಡೆಗೇ ವಾಲುತ್ತದೆ. ಸಿನಿಮಾ ಹುಟ್ಟಿದ್ದು ನಿಜದಲ್ಲಿ ಆಗಲೇ.

ಈಗ ನೀವು ನೋಡಿದ ಸಿನಿಮಾ. ಬಿಡುಗಡೆಯಾಗಿದ್ದು 1975ರಲ್ಲಿ, ಚಿತ್ರೀಕರಣ ಅಲಾಸ್ಕಾದಲ್ಲಿ. ಅಮೆರಿಕದ ಸಿನಿಮಾಗಳಲ್ಲಿ ರಕ್ತ, ಬೈಗುಳ ಜಾಸ್ತಿಯಾದವು ಎಂದು ಅಪ್ಪ ಅಮ್ಮಂದಿರು ಗೊಣಗುತ್ತಿದ್ದ ಕಾಲ. ಆಗ ಕೆಲವು ಸಣ್ಣ ಕಂಪನಿಗಳು ‘ಎಲ್ಲ ವಯಸ್ಸಿನವರಿಗೂ’ ಎಂಬ ಜಿ ಸರ್ಟಿಫಿಕೇಟ್ ಇರುವ ಕಾಡಿನ ಸಿನಿಮಾಗಳನ್ನು ತೆಗೆದವು. ಊರಿನ ಥಿಯೇಟರನ್ನೇ ಕೆಲವು ದಿನಕ್ಕೆ ಬಾಡಿಗೆಗೆ ಹಿಡಿಯುವುದು, ಅಲ್ಲಿನ ಟಿವಿಯಲ್ಲಿ ಜಾಹೀರಾತು ಸುರಿಯುವುದು, ಬಂದ ಟಿಕೆಟ್ ದುಡ್ಡೆಲ್ಲ ತಾವೇ ಎಣಿಸಿಕೊಳ್ಳುವುದು. ವ್ಯವಹಾರ ಚೆನ್ನಾಗಿತ್ತು. ಇವುಗಳಿಗೆ ಒಂದು ಅಚ್ಚು ಇತ್ತು: ಗಡ್ಡದ ಮನುಷ್ಯ, ಬೆಟ್ಟ, ಸ್ನೇಹಕ್ಕೆ ಬರುವ ಪ್ರಾಣಿಗಳು. 1974ರ ಗ್ರಿಜ್ಲಿ ಆಡಮ್ಸ್ ಸಿನಿಮಾದಲ್ಲೂ ನಾಯಕ ಸುಳ್ಳು ಕೊಲೆ ಆರೋಪದಿಂದ ಕಾಡಿಗೆ ಓಡಿದವನು. ನಿಜದ ಆಡಮ್ಸ್ ಕರಡಿಗಳನ್ನು ಹಿಡಿದು ಪ್ರದರ್ಶನಕ್ಕೆ ಇಟ್ಟವನು! ಜಾನ್ಸನ್‌ನನ್ನೂ ಅದೇ ಅಚ್ಚಿಗೆ ಹಾಕಿದರು. ಮುಖ್ಯ ಪಾತ್ರಕ್ಕೆ ಮೈಕ್ ಮಜುರ್ಕಿ. ಕುಸ್ತಿಪಟು, ಭಾರಿ ಆಳು, 40ರ ದಶಕದ ಅಪರಾಧ ಸಿನಿಮಾಗಳಲ್ಲಿ ಪುಂಡನಾಗಿ ಹೆಸರು ಮಾಡಿದವರು. ಬಿಡುಗಡೆಯ ಹೊತ್ತಿಗೆ ವಯಸ್ಸು 67. ನಿಜದ ಜಾನ್ಸನ್‌ಗೆ ಮೂವತ್ತು ದಾಟಿದ ವಯಸ್ಸು, ಸಾಧಾರಣ ಎತ್ತರ. ಆ ಒರಟು ಮುಖದಲ್ಲಿ ಮೃದುತನ ತೋರಿಸಿದ್ದೇ ಸಿನಿಮಾದ ಒಳ್ಳೆಯ ಅಂಶ ಎಂದು ನನ್ನ ಅಭಿಪ್ರಾಯ. ಹಿಮದ ದೃಶ್ಯಗಳೂ ಪ್ರಾಮಾಣಿಕವಾಗಿವೆ. ಉಳಿದದ್ದು ಸಾಧಾರಣ.

ಮಗಳಿಗೆ ಹೀಗೆ ಹೇಳಿ ನೋಡಿ. ಸಿನಿಮಾದವನು ಕಟ್ಟಿದ ಪಾತ್ರ, ಅವನನ್ನು ಪ್ರೀತಿಸಬಹುದು. ನಿಜದವನು ತುಂಬ ಗಟ್ಟಿಗ, ತುಂಬ ಜಾಣ. ಅವನು ಒಬ್ಬರನ್ನು ಕೊಂದ, ಇಬ್ಬರನ್ನು ಗಾಯಗೊಳಿಸಿದ. ಮೊದಲ ದಿನ ಬಾಗಿಲು ತೆರೆದು ಎರಡು ಮಾತಾಡಿದ್ದರೆ ಪ್ರಾಯಶಃ ವಿಷಯ ಒಂದು ಎಚ್ಚರಿಕೆಯಲ್ಲೋ ದಂಡದಲ್ಲೋ ಮುಗಿಯುತ್ತಿತ್ತು. ‘ಹಾಗಾದರೆ ಯಾಕೆ ತೆರೆಯಲಿಲ್ಲ?’ ಎಂದು ಅವಳು ಕೇಳಿಯೇ ಕೇಳುತ್ತಾಳೆ. ಯಾರಿಗೂ ಗೊತ್ತಿಲ್ಲ ಎನ್ನುವುದೇ ಸರಿಯಾದ ಉತ್ತರ. ಮಕ್ಕಳು ಆ ಉತ್ತರವನ್ನು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಒಪ್ಪಿಕೊಳ್ಳುತ್ತಾರೆ. ಟ್ರ್ಯಾಪ್ ಕಳೆದುಕೊಂಡ ಮನೆಯವರು ಆ ಚಳಿಗಾಲ ಏನು ಮಾಡಿದ್ದಾರು ಎಂದು ಅವಳನ್ನೇ ಕೇಳಿ. ಸಿನಿಮಾ ಕೇಳದ ಪ್ರಶ್ನೆ ಅದು.

ಅವನ ಹೆಸರು ಕೂಡ ಇನ್ನೂ ಖಚಿತವಾಗಿಲ್ಲ. 2007ರಲ್ಲಿ ಅಕ್ಲಾವಿಕ್‌ನ ಜನರ ಒಪ್ಪಿಗೆ ಪಡೆದು ಅವನ ಸಮಾಧಿ ಅಗೆದು ಪರೀಕ್ಷೆ ಮಾಡಿದರು. ಇವನೇ ಇರಬೇಕು ಎಂದು ಊಹಿಸಿದ್ದ ಕುಟುಂಬಗಳ ಡಿಎನ್‌ಎ ಹೊಂದಲಿಲ್ಲ. ಹಲ್ಲಿನ ಪರೀಕ್ಷೆ ಪ್ರಕಾರ ಅವನು ಕೆನಡಾದಲ್ಲಿ ಬೆಳೆದವನಲ್ಲ, ಅಮೆರಿಕದ ಮಿಡ್‌ವೆಸ್ಟ್ ಅಥವಾ ಸ್ಕ್ಯಾಂಡಿನೇವಿಯಾ ಕಡೆಯವನು. ಬೆನ್ನುಮೂಳೆ ಸೊಟ್ಟಗಿತ್ತು, ಒಂದು ಪಾದ ಇನ್ನೊಂದಕ್ಕಿಂತ ಉದ್ದವಿತ್ತು. ಆ ಕಾಲಲ್ಲಿ ಆ ಬೆಟ್ಟ ಹತ್ತಿದ್ದ.

ಎರಡು ಎಚ್ಚರಿಕೆ. ಇದೇ ಕಥೆಯ ಮೇಲೆ 1981ರಲ್ಲಿ ‘ಡೆತ್ ಹಂಟ್’ ಬಂತು, ಚಾರ್ಲ್ಸ್ ಬ್ರಾನ್ಸನ್, ಲೀ ಮಾರ್ವಿನ್ ಇದ್ದಾರೆ. ಅಲ್ಲಿ ಜಗಳ ಶುರುವಾಗುವುದು ಒಂದು ನಾಯಿಯನ್ನು ಕಾಪಾಡುವುದರಿಂದ. ಇದೂ ಕಟ್ಟಿದ ಕಾರಣವೇ. ನಿಜದಲ್ಲಿ ಸತ್ತ ಮಿಲ್ಲನ್ ಅದರಲ್ಲಿ ಬದುಕಿರುತ್ತಾರೆ. ದೊಡ್ಡವರಿಗೆ ನೋಡುವಂಥದ್ದು, ರಕ್ತ ಬಹಳ, ಒಂಬತ್ತು ವರ್ಷದವಳಿಗೆ ಬೇಡ. ಎರಡನೆಯದು: ಮಗಳನ್ನು ಒಬ್ಬಳೇ ಇಂಟರ್‌ನೆಟ್‌ನಲ್ಲಿ ಇವನ ಬಗ್ಗೆ ಹುಡುಕಲು ಬಿಡಬೇಡಿ. ಮೊದಲು ಬರುವುದೇ ಹೆಣದ ಮುಖದ ಫೋಟೋ. ಅದನ್ನು ನೋಡಿದರೆ ನಮಗೇ ನಿದ್ದೆ ಬರುವುದಿಲ್ಲ.

ಆಸಕ್ತಿ ಹೀಗೇ ಉಳಿದರೆ, ಯಾವಾಗಲಾದರೂ ಬೇಸಿಗೆ ರಜೆಯಲ್ಲಿ ಡೆಂಪ್‌ಸ್ಟರ್ ಹೆದ್ದಾರಿ ಹಿಡಿಯಿರಿ. ಮೇಲೆ ಹೇಳಿದ ಅದೇ ಡೆಂಪ್‌ಸ್ಟರ್ ಹೆಸರು. ಡಾಸನ್ ಬಳಿಯಿಂದ ಇನೂವಿಕ್‌ವರೆಗೆ ಸುಮಾರು 740 ಕಿಲೋಮೀಟರ್, ಹೆಚ್ಚೂಕಮ್ಮಿ ಪೂರ್ತಿ ಜಲ್ಲಿ ರಸ್ತೆ. ದಾರಿಯಲ್ಲಿ ಈಗಲ್ ನದಿಯ ಸೇತುವೆ ಸಿಗುತ್ತದೆ. ಅದಕ್ಕೆ ಸ್ವಲ್ಪ ಮೊದಲು ಈಗಲ್ ಪ್ಲೇನ್ಸ್ ಹೋಟೆಲಿನ ಗೋಡೆಗಳ ಮೇಲೆ ಈ ಬೆನ್ನಟ್ಟುವಿಕೆಯ ಹಳೆಯ ಫೋಟೋಗಳಿವೆ. ಸ್ಟೆಪ್ನಿ ಟೈರ್ ಒಂದು ಸಾಲದು, ಎರಡು ಇಟ್ಟುಕೊಳ್ಳಿ.